ತ್ಯಾಗವೀರ ಸಿರಸಂಗಿ ಲಿಂಗರಾಜರು: ಬಡ ವಿದ್ಯಾರ್ಥಿಗಳನ್ನೇ ವಾರಸುದಾರರನ್ನಾಗಿಸಿದ ದೇಸಾಯಿ



ಪ್ರತಿವರ್ಷ ಜೂನ್ ತಿಂಗಳು ಬಂದಿತೆಂದರೆ ಶ್ರೀಮಠದ ಕಾರ್ಯಾಲಯದ ಮುಂದಿನ ಕಟ್ಟೆಯ ಮೇಲೆ ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಕುಳಿತ ತಂದೆ ಮಕ್ಕಳು ಕಾಣಸಿಗುತ್ತಾರೆ. ದೇವದುರ್ಗದ ಕಡೆಯಿಂದ ಮೊದಲ ಬಸ್ಸಿಗೆ ಹೊರಟು ಬಂದವರು ಕೆಲವರು, ಮಾನ್ವಿಯ ಹಳ್ಳಿಗಳಿಂದ ಬಂದವರು ಕೆಲವರು. ಹುಡುಗ ಒಳ್ಳೆಯ ಅಂಕಗಳನ್ನು ಪಡೆದಿರುತ್ತಾನೆ. ರಾಯಚೂರಿನ ಕಾಲೇಜಿನಲ್ಲಿ ಸೀಟೂ ದೊರೆತಿರುತ್ತದೆ. ಆದರೆ ಶುಲ್ಕ ಕಟ್ಟಿದ ಮೇಲೆ ಊಟಕ್ಕೇನು, ಇರಲು ಜಾಗವೆಲ್ಲಿ ಎಂಬ ಎರಡು ಪ್ರಶ್ನೆಗಳು ಆ ತಂದೆಯ ಮುಖದ ಮೇಲೆ ಬರೆದಂತಿರುತ್ತವೆ. ಅವನು ಬಾಯಿಬಿಟ್ಟು ಕೇಳುವುದಿಲ್ಲ, ಸುಮ್ಮನೆ ಕುಳಿತಿರುತ್ತಾನೆ. ಮಠದ ಕಾರ್ಯದರ್ಶಿಯಾಗಿ ಅನೇಕ ವರ್ಷಗಳಿಂದ ಈ ಮೌನವನ್ನು ಕಂಡಿರುವ ನನಗೆ ಆ ದಿನಗಳಲ್ಲೆಲ್ಲ ನೆನಪಾಗುವ ಮಹನೀಯರೆಂದರೆ ತ್ಯಾಗವೀರ ಸಿರಸಂಗಿ ಲಿಂಗರಾಜ ದೇಸಾಯಿಯವರು.

ಅವರ ಹೆಸರನ್ನು ನಮ್ಮ ಸಮಾಜದಲ್ಲಿ ಕೇಳದವರು ಕಡಿಮೆ. ಜನವರಿ 10ರ ಜಯಂತಿಯಂದು ಭಾವಚಿತ್ರಕ್ಕೆ ಹೂಮಾಲೆ ಹಾಕುತ್ತೇವೆ, ತ್ಯಾಗವೀರ ಎಂಬ ಬಿರುದನ್ನು ಉಚ್ಚರಿಸುತ್ತೇವೆ. ಆದರೆ ಅವರು ತ್ಯಜಿಸಿದ್ದು ಏನನ್ನು, ಆ ಕಾಲದಲ್ಲಿ ಅದು ಎಷ್ಟು ಕಠಿಣವಾದ ನಿರ್ಧಾರವಾಗಿತ್ತು ಎಂಬುದನ್ನು ನಿಧಾನವಾಗಿ ಕುಳಿತು ಆಲೋಚಿಸುವವರು ವಿರಳ. ಆದುದರಿಂದ ಅವರ ಜೀವನವನ್ನು ಭಕ್ತರ ಮುಂದೆ ಮತ್ತೊಮ್ಮೆ ಇರಿಸುವುದು ಈ ಲೇಖನದ ಉದ್ದೇಶ.

ದತ್ತಕವೆಂಬ ದೊಡ್ಡ ಮಾತು

ಲಿಂಗರಾಜರ ತ್ಯಾಗವನ್ನು ತಿಳಿಯಬೇಕಾದರೆ ಮೊದಲು ದೇಸಗತಿ ಎಂದರೇನೆಂಬುದನ್ನು ತಿಳಿಯಬೇಕು. ಪರಗಣೆಯ ಕಂದಾಯವನ್ನು ವಸೂಲು ಮಾಡಿ ಸರಕಾರಕ್ಕೆ ಸಲ್ಲಿಸುವ ವಂಶಪಾರಂಪರ್ಯದ ಅಧಿಕಾರ ದೇಸಾಯಿಗಳದು. ಆ ಸೇವೆಗೆ ಪ್ರತಿಯಾಗಿ ಅವರಿಗೆ ಇನಾಮು ಭೂಮಿ, ವತನ, ಮಾನಮರ್ಯಾದೆಗಳು ದೊರೆಯುತ್ತಿದ್ದವು. ಅರಸರು ಬದಲಾದರೂ ದೇಸಾಯಿ ಮನೆತನಗಳು ವಾಡೆಗಳಲ್ಲಿ ಉಳಿದುಕೊಂಡು ಬಂದವು. ಇಂಥ ಮನೆತನಕ್ಕೆ ಗಂಡು ಸಂತಾನವಿಲ್ಲದಿದ್ದರೆ ದತ್ತಕ ಒಂದೇ ದಾರಿ. ದತ್ತಕವಿಲ್ಲದಿದ್ದರೆ ಮನೆತನದ ದೀಪ ಆರಿದಂತೆಯೇ ಸರಿ.

ಬ್ರಿಟಿಷರ ಆಳ್ವಿಕೆಯಲ್ಲಿ ಈ ದತ್ತಕದ ಹಕ್ಕಿಗಾಗಿಯೇ ನಮ್ಮ ನಾಡಿನಲ್ಲಿ ರಕ್ತ ಹರಿದಿದೆ. ಕಿತ್ತೂರಿನ ದತ್ತಕವನ್ನು ಒಪ್ಪಲು ಕಂಪನಿ ಸರಕಾರ ನಿರಾಕರಿಸಿದ್ದರಿಂದ 1824ರಲ್ಲಿ ರಾಣಿ ಚೆನ್ನಮ್ಮನವರು ಖಡ್ಗ ಹಿಡಿಯಬೇಕಾಯಿತು. ನರಗುಂದದ ಬಾಬಾಸಾಹೇಬರಿಗೆ ದತ್ತಕದ ಅನುಮತಿ ದೊರೆಯದೆ ಹೋದದ್ದು 1858ರ ಬಂಡಾಯಕ್ಕೆ ಮುಖ್ಯ ಕಾರಣಗಳಲ್ಲಿ ಒಂದಾಯಿತು. ಸಿರಸಂಗಿ ಇರುವುದು ಕಿತ್ತೂರಿನ ಅದೇ ಬೆಳಗಾವಿ ಜಿಲ್ಲೆಯಲ್ಲಿ, ಇಂದಿನ ಸವದತ್ತಿ ತಾಲ್ಲೂಕಿನಲ್ಲಿ. ನವಲಗುಂದವಂತೂ ನರಗುಂದದ ಮಗ್ಗುಲಿನ ಊರು. ನರಗುಂದದ ಕೋಟೆ ಉರುಳಿದ ಮೂರು ವರ್ಷಗಳಿಗೆ ಲಿಂಗರಾಜರ ಜನನ. ವಂಶವನ್ನು ಉಳಿಸಿಕೊಳ್ಳುವ ಹಕ್ಕಿಗಾಗಿ ಪ್ರಾಣ ಕೊಟ್ಟವರ ನೆನಪು ಇನ್ನೂ ಹಸಿಯಾಗಿದ್ದ ನೆಲದಲ್ಲಿ ಅವರು ಬೆಳೆದರು. ಈ ಹಿನ್ನೆಲೆಯನ್ನು ಮರೆತರೆ ಅವರ ಕೊನೆಯ ನಿರ್ಧಾರದ ತೂಕ ನಮಗೆ ತಿಳಿಯದು.

ಶಿಗ್ಗಾವಿಯಿಂದ ಸಿರಸಂಗಿಗೆ

1861ರ ಜನವರಿ 10ರಂದು ಅಂದಿನ ಧಾರವಾಡ ಜಿಲ್ಲೆಯ ಶಿಗ್ಗಾವಿಯಲ್ಲಿ ಅವರ ಜನನವಾಯಿತು. ಹೆತ್ತವರು ಇಟ್ಟ ಹೆಸರು ರಾಮಪ್ಪ. ಸಿರಸಂಗಿಯ ಜಾಯಪ್ಪ ದೇಸಾಯಿಯವರ ಮನೆಗೆ ಬಾಲ್ಯದಲ್ಲಿಯೇ ದತ್ತಕವಾಗಿ ಬಂದಾಗ ರಾಮಪ್ಪ ಲಿಂಗರಾಜನಾದನು. ಹೆತ್ತ ತಾಯಿಯ ಮಡಿಲಿನಿಂದ ಎದ್ದು ಬೇರೊಂದು ಊರಿನ ವಾಡೆಗೆ ಬಂದು, ಹೊಸ ಹೆಸರಿಗೆ ಓಗೊಡುವುದನ್ನು ಕಲಿತು, ನವಲಗುಂದ ಮತ್ತು ಸಿರಸಂಗಿ ಎರಡೂ ಕಡೆಯ ವಿಶಾಲ ಆಸ್ತಿಗೆ ಒಡೆಯನಾಗುವುದು ಹೊರಗಿನಿಂದ ನೋಡುವವರಿಗೆ ಭಾಗ್ಯವಾಗಿ ಕಾಣಬಹುದು. ಆ ಹುಡುಗನ ಪಾಲಿಗೆ ಅದೊಂದು ದೊಡ್ಡ ಹೊರೆಯೂ ಹೌದು. ತಾನು ಅನುಭವಿಸುತ್ತಿರುವ ಸಂಪತ್ತು ತಾನು ದುಡಿದು ತಂದದ್ದಲ್ಲ, ತನ್ನ ಕೈಗೆ ಒಪ್ಪಿಸಲ್ಪಟ್ಟದ್ದು ಎಂಬ ಅರಿವು ದತ್ತಕ ಬಂದವನಿಗೆ ಇರುವಷ್ಟು ಹುಟ್ಟಿನಿಂದ ಪಡೆದವನಿಗೆ ಇರುವುದು ಕಷ್ಟ. ಲಿಂಗರಾಜರ ಬದುಕಿನ ಕೊನೆಯ ನಡೆಯನ್ನು ನೋಡಿದಾಗ ಈ ಅರಿವು ಅವರಲ್ಲಿ ಬೇರುಬಿಟ್ಟಿತ್ತೆಂದು ನನಗೆ ತೋರುತ್ತದೆ.

ಅವರು ಹದಿಹರೆಯದಲ್ಲಿದ್ದಾಗ, 1876ರಿಂದ 1878ರವರೆಗೆ, ಧಾತು ಸಂವತ್ಸರದ ಮಹಾಬರ ದಕ್ಷಿಣ ದೇಶವನ್ನೆಲ್ಲ ಹಿಂಡಿತು. ಧಾರವಾಡ, ಬೆಳಗಾವಿ, ವಿಜಯಪುರ, ಬಳ್ಳಾರಿ, ನಮ್ಮ ರಾಯಚೂರು ಸೀಮೆ ಎಲ್ಲವೂ ಆ ಬರಕ್ಕೆ ಸಿಲುಕಿದವು. ಕಪ್ಪುಮಣ್ಣಿನ ಸೀಮೆಯಲ್ಲಿ ಮಳೆ ಹೋದರೆ ಒಕ್ಕಲಿಗನಿಗೆ ಉಳಿಯುವುದೇನೂ ಇಲ್ಲ. ಮುಂದೆ ಅವರ ನಡುವಯಸ್ಸಿನಲ್ಲಿ 1896ರ ಬರ, ಅದರ ಬೆನ್ನಿಗೇ ಪ್ಲೇಗು, ಮತ್ತೆ 1899ರ ಬರ ಒಂದಾದ ಮೇಲೊಂದು ಬಂದವು. ಹಸಿದ ಮನೆಯಲ್ಲಿ ಮೊದಲು ನಿಲ್ಲುವುದು ಮಕ್ಕಳ ಓದು ಎಂಬುದನ್ನು ಇಂಥ ಕಾಲದಲ್ಲಿ ಬಾಳಿದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಓದು ದೂರವಿದ್ದ ಕಾಲ

ಆ ಕಾಲದಲ್ಲಿ ವಿದ್ಯೆ ಎಷ್ಟು ದೂರವಿತ್ತೆಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸುವುದೂ ಕಷ್ಟ. ಡೆಪ್ಯುಟಿ ಚನ್ನಬಸಪ್ಪನವರಂಥ ಪುಣ್ಯಾತ್ಮರ ಶ್ರಮದಿಂದ ಮುಂಬಯಿ ಕರ್ನಾಟಕದಲ್ಲಿ ಕನ್ನಡ ಶಾಲೆಗಳು ತಲೆಯೆತ್ತಿದ್ದವು. ಧಾರವಾಡ, ಬೆಳಗಾವಿಗಳಲ್ಲಿ ಹೈಸ್ಕೂಲುಗಳಿದ್ದವು. ಆದರೆ ಮೆಟ್ರಿಕ್ ದಾಟಿದ ಹುಡುಗ ಪದವಿ ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಲೇಬೇಕು. ಮುಂಬಯಿ ವಿಶ್ವವಿದ್ಯಾಲಯ 1857ರಲ್ಲಿ ಸ್ಥಾಪನೆಯಾಗಿತ್ತಾದರೂ ಧಾರವಾಡದಲ್ಲಿ ಕರ್ನಾಟಕ ಕಾಲೇಜು ಆರಂಭವಾದದ್ದು 1917ರಲ್ಲಿ. ಈ ಅರವತ್ತು ವರ್ಷಗಳ ಅಂತರದಲ್ಲಿ ಎಷ್ಟು ಜನ ಒಕ್ಕಲಿಗರ ಮಕ್ಕಳು ಮೆಟ್ರಿಕ್ಕಿನ ಹೊಸ್ತಿಲಲ್ಲೇ ನಿಂತು ಹಿಂದಿರುಗಿದರೋ ಬಲ್ಲವರಾರು?

ಕಾಲೇಜಿನ ಶುಲ್ಕ ಒಂದೇ ಆಗಿದ್ದರೆ ಹೇಗೋ ಹೊಂದಿಸಬಹುದಿತ್ತು. ಪರಊರಿನಲ್ಲಿ ಬಾಡಿಗೆಯ ಕೋಣೆ, ಎರಡು ಹೊತ್ತಿನ ಊಟ, ಪುಸ್ತಕ, ಪ್ರಯಾಣ ಇವುಗಳ ವೆಚ್ಚ ಅದಕ್ಕಿಂತ ಹೆಚ್ಚು. ಇವೆಲ್ಲಕ್ಕಿಂತ ದೊಡ್ಡ ವೆಚ್ಚ ಮತ್ತೊಂದಿತ್ತು. ಅದನ್ನು ಯಾವ ರಸೀದಿಯೂ ತೋರಿಸದು. ಹೊಲದಲ್ಲಿ ದುಡಿಯಬಲ್ಲ ಎರಡು ಕೈಗಳು ಮನೆಬಿಟ್ಟು ಹೋಗುತ್ತಿದ್ದವು. ಓದುವ ಮಗ ಗಳಿಸುವುದಿಲ್ಲ. ಅವನು ಓದುವಷ್ಟು ಕಾಲ ಮನೆಯ ಗಳಿಕೆಯೂ ತಗ್ಗುತ್ತದೆ. ಬಡವರ ಮನೆಯಲ್ಲಿ ಪೂರ್ಣಾವಧಿಯ ವಿದ್ಯಾರ್ಥಿಯೊಬ್ಬನನ್ನು ಇಟ್ಟುಕೊಳ್ಳುವುದು ಇಮ್ಮಡಿ ನಷ್ಟದ ಮಾತು. ಅಂದಿಗೂ ಇಂದಿಗೂ ಈ ಲೆಕ್ಕ ಬದಲಾಗಿಲ್ಲ.

ಈ ಲೆಕ್ಕವನ್ನು ಅರಿತವರು 1883ರಲ್ಲಿ ಧಾರವಾಡದಲ್ಲಿ ಸೇರಿ ಲಿಂಗಾಯತ ವಿದ್ಯಾರ್ಥಿಗಳಿಗೆ ನೆರವಾಗುವ ನಿಧಿಯೊಂದನ್ನು ಸ್ಥಾಪಿಸಿದರು. ಅದೇ ಮುಂದೆ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯೆಂದು ಪ್ರಸಿದ್ಧವಾಯಿತು. ರಾವ್ ಬಹಾದ್ದೂರ್ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ಧಪ್ಪನವರು ಆ ಕಾರ್ಯದ ಮುಂದಾಳುಗಳು. ತರುಣ ದೇಸಾಯಿ ಲಿಂಗರಾಜರು ಅವರ ಬೆಂಬಲಕ್ಕೆ ನಿಂತರು. ಆಗ ಅವರಿಗೆ ಇಪ್ಪತ್ತೆರಡು ವರ್ಷ. ಆ ವಯಸ್ಸಿನ ಶ್ರೀಮಂತರ ಮಕ್ಕಳು ಕುದುರೆ, ಬೇಟೆ, ದರಬಾರುಗಳಲ್ಲಿ ಕಾಲ ಕಳೆಯುತ್ತಿದ್ದ ದಿನಗಳವು.

ರುದ್ರಗೌಡರು ಮತ್ತು ಗುರುಸಿದ್ಧಪ್ಪನವರೊಡನೆ ಬೆಳೆದ ಈ ಸಂಬಂಧ ಲಿಂಗರಾಜರ ದಾನಕ್ಕೆ ಒಂದು ದಿಕ್ಕನ್ನು ಕೊಟ್ಟಿತು. ವಾಡೆಯ ಬಾಗಿಲಿಗೆ ಬಂದವನಿಗೆ ಧಾನ್ಯವೋ ದಕ್ಷಿಣೆಯೋ ಕೊಟ್ಟು ಕಳುಹಿಸುವುದು ದೇಸಾಯಿ ಮನೆತನಗಳ ಹಳೆಯ ರೂಢಿ. ಅದರಿಂದ ಅಂದಿನ ಹಸಿವು ತೀರುತ್ತದೆ, ಕೊಟ್ಟವನಿಗೆ ಕೀರ್ತಿ ಬರುತ್ತದೆ. ಆದರೆ ನಾಲ್ಕು ವರ್ಷ ಓದಬೇಕಾದ ಹುಡುಗನಿಗೆ ಒಂದು ದಿನದ ಔದಾರ್ಯ ಸಾಲದು. ಅವನಿಗೆ ಬೇಕಾದುದು ನಾಲ್ಕು ವರ್ಷವೂ ತಪ್ಪದೆ ಬರುವ ನೆರವು. ದಾತನ ಮನಸ್ಸಿನ ಏರಿಳಿತಕ್ಕೆ ಸಿಲುಕದ ವ್ಯವಸ್ಥೆ ಅದು. ನಿಧಿ ಎಂಬ ಕಲ್ಪನೆಯ ಒಳಗಿನ ಮರ್ಮ ಇದೇ.

ಸಮಾಜದ ವೇದಿಕೆಯ ಮೇಲೆ

1904ರಲ್ಲಿ ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳ ಪ್ರೇರಣೆಯಿಂದ ಅಖಿಲ ಭಾರತ ವೀರಶೈವ ಮಹಾಸಭೆ ಜನ್ಮತಾಳಿತು. ಧಾರವಾಡದಲ್ಲಿ ಸೇರಿದ ಅದರ ಪ್ರಥಮ ಅಧಿವೇಶನಕ್ಕೆ ಲಿಂಗರಾಜರೇ ಅಧ್ಯಕ್ಷರಾದರು. ಕಾವಿ ತೊಟ್ಟು ಊರೂರು ಸುತ್ತುತ್ತಿದ್ದ ಸನ್ಯಾಸಿ ಒಬ್ಬರು, ವಾಡೆಯಲ್ಲಿ ಸಂಪತ್ತಿನ ನಡುವೆ ಇದ್ದ ದೇಸಾಯಿ ಮತ್ತೊಬ್ಬರು. ಸಮಾಜದ ಏಳಿಗೆ ವಿದ್ಯೆಯಿಂದಲ್ಲದೆ ಆಗದೆಂಬ ಒಂದೇ ನಂಬಿಕೆ ಇಬ್ಬರನ್ನೂ ಒಂದೇ ವೇದಿಕೆಗೆ ತಂದಿತು. ಶ್ರೀ ಕುಮಾರ ಶಿವಯೋಗಿಗಳು 1909ರಲ್ಲಿ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ಮಠಾಧಿಪತಿಗಳ ಶಿಕ್ಷಣಕ್ಕೆ ದಾರಿ ಮಾಡಿದರು. ಲಿಂಗರಾಜರು ಭಕ್ತರ ಮಕ್ಕಳ ಲೌಕಿಕ ಶಿಕ್ಷಣಕ್ಕೆ ದಾರಿ ಮಾಡಿದರು. ಗುರು ಮತ್ತು ಭಕ್ತ ಇಬ್ಬರೂ ವಿದ್ಯಾವಂತರಾದರೆ ಮಾತ್ರ ಸಮಾಜ ನಿಲ್ಲುತ್ತದೆ ಎಂಬುದನ್ನು ಈ ಇಬ್ಬರು ಮಹನೀಯರ ಕಾರ್ಯಗಳು ಒಟ್ಟಿಗೆ ತೋರಿಸಿಕೊಟ್ಟವು.

ಅದೇ ಕಾಲದಲ್ಲಿ ನೆರೆಯ ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1901ರಿಂದ ಬೇರೆ ಬೇರೆ ಸಮುದಾಯಗಳ ವಿದ್ಯಾರ್ಥಿಗಳಿಗೆ ವಸತಿ ನಿಲಯಗಳನ್ನು ತೆರೆಯಿಸುತ್ತಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ಪಾಠ ಹೇಳುವ ಶಾಲೆ ಎಷ್ಟು ಮುಖ್ಯವೋ ತಲೆಯ ಮೇಲಿನ ಸೂರು, ತಟ್ಟೆಯೊಳಗಿನ ಅನ್ನ ಅಷ್ಟೇ ಮುಖ್ಯ ಎಂಬ ವಿವೇಕ ಆ ತಲೆಮಾರಿನ ಹಿರಿಯರಲ್ಲಿ ಮೂಡಿತ್ತು.

ಮೃತ್ಯುಪತ್ರ

ಲಿಂಗರಾಜರ ಆಸ್ತಿಗೆ ಹಕ್ಕುದಾರನಾಗುವ ಸಂತಾನ ಉಳಿಯಲಿಲ್ಲ. ಅವರ ಮುಂದೆ ಹಿಂದಿನ ಎಲ್ಲ ದೇಸಾಯಿಗಳೂ ತುಳಿದ ದಾರಿಯಿತ್ತು. ಒಬ್ಬ ಹುಡುಗನನ್ನು ದತ್ತಕ ತೆಗೆದುಕೊಂಡರೆ ಮನೆತನದ ಹೆಸರು ನಿಲ್ಲುತ್ತಿತ್ತು, ವಾಡೆಯಲ್ಲಿ ದೀಪ ಉರಿಯುತ್ತಿತ್ತು, ಬಂಧುಗಳು ಸಂತೋಷಪಡುತ್ತಿದ್ದರು. ಸ್ವತಃ ದತ್ತಕ ಬಂದವರೇ ಆದ ಅವರಿಗೆ ಆ ದಾರಿ ಅಪರಿಚಿತವೂ ಆಗಿರಲಿಲ್ಲ. ಅವರು ಆ ದಾರಿಯನ್ನು ಬಿಟ್ಟರು. ತಮ್ಮ ಸಮಸ್ತ ಆಸ್ತಿಯನ್ನು ಸಮಾಜದ ಬಡ ವಿದ್ಯಾರ್ಥಿಗಳ ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ಮೃತ್ಯುಪತ್ರ ಬರೆದಿರಿಸಿದರು. ನವಲಗುಂದ-ಸಿರಸಂಗಿ ಟ್ರಸ್ಟ್ ಎಂದು ಇಂದಿಗೂ ಜನ ಕರೆಯುವ ನಿಧಿಯ ಮೂಲ ಇದು.

1906ರ ಆಗಸ್ಟ್ 23ರಂದು ಲಿಂಗರಾಜರು ಲಿಂಗೈಕ್ಯರಾದರು. ಆಗ ಅವರ ವಯಸ್ಸು ನಲವತ್ತೈದು ಮಾತ್ರ.

ಈ ಮೃತ್ಯುಪತ್ರದಲ್ಲಿ ಎರಡು ಸಂಗತಿಗಳು ವಿಶೇಷವಾದುವು. ಮೊದಲನೆಯದು, ಅವರು ಕೊಟ್ಟದ್ದು ಆಸ್ತಿಯ ಒಂದು ಪಾಲನ್ನಲ್ಲ, ಸಮಸ್ತವನ್ನು. ಉಂಡು ಮಿಕ್ಕುದನ್ನು ಕೊಡುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಅವರ ದಾನವೂ ಒಳ್ಳೆಯದೇ. ಆದರೆ ತನ್ನ ಹೆಸರು ಹೇಳುವ ಒಂದು ಮನೆಯನ್ನೂ ಹಿಂದೆ ಬಿಡದೆ ಕೊಡುವುದು ಬೇರೆ. ಎರಡನೆಯದು, ಅವರು ಆಸ್ತಿಯನ್ನು ಹಂಚಿ ಮುಗಿಸಲಿಲ್ಲ. ಭೂಮಿ ಭೂಮಿಯಾಗಿಯೇ ಉಳಿದು, ಅದರ ಉತ್ಪನ್ನ ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಸಲ್ಲುವಂತಾಯಿತು. ಹಣ್ಣನ್ನು ಹಂಚಿದರೇ ಹೊರತು ಮರವನ್ನು ಕಡಿಯಲಿಲ್ಲ. ಆದುದರಿಂದಲೇ ಅವರನ್ನು ಕಣ್ಣಾರೆ ಕಾಣದ ತಲೆಮಾರುಗಳು ಅವರ ಅನ್ನದಿಂದ ಓದಿದವು.

ಶರಣರು ಹೇಳಿಕೊಟ್ಟ ದಾಸೋಹಕ್ಕೂ ಲೋಕದ ದಾನಕ್ಕೂ ಇರುವ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಡುವವನು ಎತ್ತರದಲ್ಲಿ ನಿಲ್ಲುತ್ತಾನೆ, ಪಡೆಯುವವನು ಕೈಯೊಡ್ಡುತ್ತಾನೆ. ದಾಸೋಹದಲ್ಲಿ ಸಂಪತ್ತು ಸಮಾಜದ್ದು. ಅದನ್ನು ಮರಳಿ ಸಮಾಜಕ್ಕೆ ಒಪ್ಪಿಸುವವನು ಸೇವಕ ಮಾತ್ರ. ದೇಸಗತಿಯ ಸಂಪತ್ತು ಎಲ್ಲಿಂದ ಬಂದಿತ್ತೆಂದು ಯೋಚಿಸಿದರೆ ಈ ಮಾತು ಇನ್ನಷ್ಟು ನಿಜವೆನಿಸುತ್ತದೆ. ಅದು ಕಪ್ಪುಮಣ್ಣಿನಲ್ಲಿ ಬಿತ್ತಿ ಬೆಳೆದ ರೈತರ ಬೆವರು. ಬರಗಾಲದಲ್ಲಿಯೂ ಕಂದಾಯ ಕಟ್ಟಿದವರ ಬೆವರು. ಆ ರೈತರ ಮಕ್ಕಳ ಕೈಗೆ ಪುಸ್ತಕವಾಗಿ ಅದು ಹಿಂದಿರುಗಿದ್ದು ಋಣ ತೀರಿಸಿದಂತೆ. ಲಿಂಗರಾಜರನ್ನು ಹೊಗಳುವಾಗ ಆ ಹೆಸರಿಲ್ಲದ ರೈತರನ್ನು ನಾವು ಮರೆಯಬಾರದು.

ಬಿತ್ತಿದ್ದು ಬೆಳೆದ ಬಗೆ

ಲಿಂಗರಾಜರು ಲಿಂಗೈಕ್ಯರಾದ ಹತ್ತು ವರ್ಷಗಳಿಗೆ, 1916ರಲ್ಲಿ, ಬೆಳಗಾವಿಯಲ್ಲಿ ಏಳು ಜನ ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಶಿ.ಶಿ. ಬಸವನಾಳ, ಎಂ.ಆರ್. ಸಾಖರೆ, ಬಿ.ಬಿ. ಮಮದಾಪುರ ಮೊದಲಾದವರನ್ನು ಸಮಾಜ ಸಪ್ತರ್ಷಿಗಳೆಂದು ಗೌರವಿಸುತ್ತದೆ. ಅವರಿಗೆ ಆದರ್ಶವಾಗಿ ನಿಂತವರು ಲಿಂಗರಾಜರು, ಅರಟಾಳ ರುದ್ರಗೌಡರು ಮತ್ತು ಗಿಲಗಂಚಿ ಗುರುಸಿದ್ಧಪ್ಪನವರು. ಆ ಸಂಸ್ಥೆಯ ಮೊದಲ ಹೈಸ್ಕೂಲು ಇಂದು ಗಿಲಗಂಚಿ ಅರಟಾಳ ಹೈಸ್ಕೂಲು ಎಂದು ಹೆಸರಾಗಿದೆ; 1933ರಲ್ಲಿ ಆರಂಭವಾದ ಮೊದಲ ಕಾಲೇಜಿಗೆ ಲಿಂಗರಾಜರ ಹೆಸರನ್ನಿಡಲಾಯಿತು. ಬೆಳಗಾವಿಯ ಲಿಂಗರಾಜ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಎಲ್ಲ ಜಾತಿ, ಮತ, ಭಾಷೆಗಳ ಮಕ್ಕಳೂ ಇದ್ದಾರೆ.

ಈ ಕೊನೆಯ ಸಂಗತಿಯನ್ನು ಒತ್ತಿ ಹೇಳಬೇಕಾಗಿದೆ. ಲಿಂಗರಾಜರು ತಮ್ಮ ನಿಧಿಯನ್ನು ಒಂದು ಸಮಾಜದ ಮಕ್ಕಳಿಗಾಗಿ ಇರಿಸಿದರು. ಅದು ಆ ಕಾಲದ ಮರ್ಯಾದೆ. ಪ್ರತಿಯೊಂದು ಸಮುದಾಯವೂ ತನ್ನವರನ್ನು ಮೊದಲು ಎಬ್ಬಿಸಿ ನಿಲ್ಲಿಸಬೇಕಾಗಿದ್ದ ಕಾಲ. ಆದರೆ ಬಸವಾದಿ ಶರಣರ ದೃಷ್ಟಿಯಲ್ಲಿ ಹಸಿವಿಗೆ ಕುಲವಿಲ್ಲ. ಲಿಂಗರಾಜರಿಂದ ಪ್ರೇರಣೆ ಪಡೆದು ಹುಟ್ಟಿದ ಸಂಸ್ಥೆಗಳು ಎಲ್ಲರಿಗೂ ಬಾಗಿಲು ತೆರೆದಾಗ ಅವರ ತ್ಯಾಗ ಅವರ ಕಾಲವನ್ನೂ ಮೀರಿ ಬೆಳೆಯಿತು. ನಾಡಿನ ಅನೇಕ ಮಠಗಳ ಪ್ರಸಾದ ನಿಲಯಗಳಲ್ಲಿ ಇಂದು ಯಾವ ಭೇದವೂ ಇಲ್ಲದೆ ಎಲ್ಲ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಕಂಡಾಗ ನಾವು ನಡೆಯಬೇಕಾದ ದಿಕ್ಕು ತಿಳಿಯುತ್ತದೆ.

ನಮ್ಮ ಸೀಮೆಯ ಕಥೆ

ಲಿಂಗರಾಜರ ನಾಡು ಮುಂಬಯಿ ಸರಕಾರದ್ದು. ನಮ್ಮದು ನಿಜಾಮರ ಸಂಸ್ಥಾನ. ರಾಯಚೂರಿಗೆ ರೈಲು ಬಂದದ್ದು ಬಹಳ ಬೇಗ. ಮುಂಬಯಿ ಕಡೆಯ ಹಳಿ ಮತ್ತು ಮದರಾಸು ಕಡೆಯ ಹಳಿ 1871ರಲ್ಲಿ ನಮ್ಮ ಊರಿನಲ್ಲಿಯೇ ಕೂಡಿದವು. ದೇಶದ ಎರಡು ಮಹಾನಗರಗಳನ್ನು ಜೋಡಿಸಿದ ಊರಿನಲ್ಲಿ ಕನ್ನಡದ ಮಗುವಿಗೆ ಕನ್ನಡದಲ್ಲಿ ಓದುವ ಅವಕಾಶ ಮಾತ್ರ ವಿರಳವಾಗಿತ್ತು. ಆಡಳಿತದ ಭಾಷೆ ಉರ್ದು. ಹೈದರಾಬಾದಿನಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಭಾಷೆಯೂ ಉರ್ದುವೇ. ದೇವದುರ್ಗ, ಮಾನ್ವಿಯ ರೈತನ ಮಗನಿಗೆ ಬಡತನದ ಗೋಡೆಯ ಜೊತೆಗೆ ಭಾಷೆಯ ಗೋಡೆಯೂ ಅಡ್ಡ ನಿಂತಿತ್ತು.

ಈ ಕತ್ತಲಿನಲ್ಲಿಯೂ ದೀಪ ಹಚ್ಚಿದವರಿದ್ದರು. 1920ರಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ತೆರೆದು ರಾಷ್ಟ್ರೀಯ ಶಿಕ್ಷಣಕ್ಕೆ ನೆಲೆ ಒದಗಿಸಿದರು. ಭಾಲ್ಕಿಯ ಪೂಜ್ಯ ಶ್ರೀ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು, ಬಡ ಮಕ್ಕಳನ್ನು ಮಠದಲ್ಲಿಟ್ಟುಕೊಂಡು ಸಾಕಿದ್ದನ್ನು ನಮ್ಮ ಭಾಗದ ಹಿರಿಯರು ಇಂದಿಗೂ ಕಣ್ಣಲ್ಲಿ ನೀರು ತಂದುಕೊಂಡು ನೆನೆಯುತ್ತಾರೆ. ಆದರೆ ಸಿರಸಂಗಿಯಂಥ ಒಂದು ದೊಡ್ಡ ಸ್ಥಿರನಿಧಿ ನಮ್ಮ ಸೀಮೆಯಲ್ಲಿ ಆ ಕಾಲದಲ್ಲಿ ಹುಟ್ಟಲಿಲ್ಲ. 1948ರಲ್ಲಿ ನಾವು ಸ್ವತಂತ್ರ ಭಾರತವನ್ನು ಸೇರಿದೆವು, 1956ರಲ್ಲಿ ಕನ್ನಡ ನಾಡನ್ನು ಕೂಡಿದೆವು. ಆದರೂ 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ವರದಿ ಸಲ್ಲಿಸಿದಾಗ ರಾಜ್ಯದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ದೇವದುರ್ಗವೂ ಇತ್ತು, ಮಾನ್ವಿಯೂ ಇತ್ತು. ತುಂಗಭದ್ರೆಯ ನೀರು ಹರಿಯುವ ಮಾನ್ವಿಯೂ ಆ ಪಟ್ಟಿಯಲ್ಲಿದ್ದದ್ದನ್ನು ಗಮನಿಸಬೇಕು. ಕಾಲುವೆಯ ನೀರು ಹೊಲವನ್ನು ಹಸಿರು ಮಾಡಬಲ್ಲದು, ಮಗುವನ್ನು ಕಾಲೇಜಿಗೆ ಕಳುಹಿಸಲಾರದು. ಅದಕ್ಕೆ ಬೇರೆಯೇ ನೀರಾವರಿ ಬೇಕು.

ಇಂದಿನ ನೆರವು ಮತ್ತು ನಮ್ಮ ಹೊಣೆ

ಲಿಂಗರಾಜರ ಕಾಲದಲ್ಲಿ ದಾನಿಗಳಷ್ಟೇ ಮಾಡುತ್ತಿದ್ದ ಕೆಲಸವನ್ನು ಇಂದು ಸರಕಾರವೂ ಮಾಡುತ್ತಿದೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ಶುಲ್ಕ ಮರುಪಾವತಿ, ಹಿಂದುಳಿದ ವರ್ಗಗಳ ವಿದ್ಯಾರ್ಥಿನಿಲಯಗಳು ಇವೆ. ನಿಲಯದಲ್ಲಿ ಸ್ಥಳ ದೊರೆಯದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ಮತ್ತು ವಸತಿಗೆಂದು ಬಂದ ವಿದ್ಯಾಸಿರಿ ಯೋಜನೆಯು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವಿನೊಡನೆ ಪ್ರಾರಂಭವಾಯಿತು. ರೈತರ ಮಕ್ಕಳಿಗಾಗಿ 2021ರಲ್ಲಿ ರೈತ ವಿದ್ಯಾನಿಧಿ ಬಂದಿತು; ಅದರಲ್ಲಿ ಓದುವ ತರಗತಿಗೆ ತಕ್ಕಂತೆ ವರ್ಷಕ್ಕೆ 2,500 ರೂಪಾಯಿಯಿಂದ 11,000 ರೂಪಾಯಿಯವರೆಗೆ ನೆರವನ್ನು ನಿಗದಿಪಡಿಸಲಾಯಿತು. ಇವೆಲ್ಲ ಸಮಾಜ ಒಟ್ಟಾಗಿ ನಡೆಸುವ ದಾಸೋಹವೇ. ಇದನ್ನು ಪಡೆಯುವುದರಲ್ಲಿ ಯಾವ ವಿದ್ಯಾರ್ಥಿಯೂ ಸಂಕೋಚಪಡಬೇಕಾಗಿಲ್ಲ.

ಆದರೆ ಕಾರ್ಯಾಲಯದ ಕಟ್ಟೆಯ ಮೇಲೆ ಕುಳಿತವರ ಕಥೆಗಳನ್ನು ಕೇಳಿದಾಗ ಒಂದು ಮಾತು ತಿಳಿಯುತ್ತದೆ. ಯೋಜನೆ ಇದ್ದರೂ ಅದು ಮಗುವಿನ ಕೈಗೆ ತಲುಪುವ ಮೊದಲು ಅನೇಕ ಹಳ್ಳಗಳನ್ನು ದಾಟಬೇಕು. ಆಧಾರಿನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ. ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೈಗೆ ಬರುವಷ್ಟರಲ್ಲಿ ಅರ್ಜಿಯ ಕೊನೆಯ ದಿನ ಕಳೆದಿರುತ್ತದೆ. ತಂದೆತಾಯಿ ದುಡಿಯಲು ಬೆಂಗಳೂರಿಗೆ ಹೋಗಿದ್ದಾರೆ, ಸಹಿ ಹಾಕುವವರಿಲ್ಲ. ಎಲ್ಲವೂ ಸರಿಯಾಗಿದ್ದರೂ ಶುಲ್ಕ ಕಟ್ಟುವ ದಿನ ಮೊದಲು ಬರುತ್ತದೆ, ನೆರವಿನ ಹಣ ಆಮೇಲೆ ಬರುತ್ತದೆ. ಆ ನಡುವಿನ ಕೆಲವು ತಿಂಗಳುಗಳನ್ನು ದಾಟಲಾಗದೆ ಹತ್ತಿ ಬಿಡಿಸಲು ಊರಿಗೆ ಹಿಂದಿರುಗಿದ ಹುಡುಗ ಮತ್ತೆ ತರಗತಿಗೆ ಬರುವುದೇ ಇಲ್ಲ. ಹೆಣ್ಣುಮಗಳಾದರೆ ಆ ತಿಂಗಳುಗಳಲ್ಲಿಯೇ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ.

ಇಲ್ಲಿ ಬೇಕಾಗಿರುವುದು ದೊಡ್ಡ ಮೊತ್ತವಲ್ಲ, ಸಕಾಲದ ನೆರವು. ಲಿಂಗರಾಜರಂತೆ ಸಮಸ್ತವನ್ನೂ ಕೊಡುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಕ್ಕಿಲ್ಲ. ಆದರೆ ಅವರು ಕಲಿಸಿದ ವಿಧಾನವನ್ನು ಅನುಸರಿಸಲು ದೇಸಗತಿ ಬೇಕಾಗಿಲ್ಲ. ಊರಿನ ಹತ್ತು ಮನೆಯವರು ಸೇರಿ ಸುಗ್ಗಿಯ ಕಾಲದಲ್ಲಿ ಒಂದೊಂದು ಚೀಲ ಜೋಳವನ್ನೋ ಭತ್ತವನ್ನೋ ಎತ್ತಿಟ್ಟರೆ ಅದೊಂದು ನಿಧಿ. ಮೂಲಧನವನ್ನು ಮುಟ್ಟದೆ, ಅದರ ಬಡ್ಡಿಯಿಂದಲೋ ಕೈಗಡದ ರೂಪದಲ್ಲಿಯೋ ಆ ಊರಿನ ವಿದ್ಯಾರ್ಥಿಗೆ ಜೂನ್ ತಿಂಗಳಲ್ಲಿ ಆಸರೆಯಾದರೆ, ಸರಕಾರದ ಹಣ ಬಂದಾಗ ಅವನು ಅದನ್ನು ಹಿಂದಿರುಗಿಸಿ ಮುಂದಿನವನಿಗೆ ದಾರಿ ಮಾಡುತ್ತಾನೆ. ಹಣವಿಲ್ಲದವರು ಶ್ರಮವನ್ನು ಕೊಡಬಹುದು. ಅರ್ಜಿ ತುಂಬಬಲ್ಲ ಒಬ್ಬ ನಿವೃತ್ತ ಶಿಕ್ಷಕರು ವಾರಕ್ಕೊಂದು ದಿನ ಊರಿನ ಕಟ್ಟೆಯ ಮೇಲೆ ಕುಳಿತರೆ ಅದೂ ಕಾಯಕವೇ, ಅದೂ ದಾಸೋಹವೇ. ಓದಿ ಕೆಲಸ ಹಿಡಿದವರು ತಮ್ಮ ಮೊದಲ ಸಂಬಳದ ದಿನ ತಾವು ಉಂಡ ಪ್ರಸಾದ ನಿಲಯವನ್ನು ನೆನೆದರೆ ಸಾಕು, ಒಂದು ತಟ್ಟೆ ಹೆಚ್ಚಾಗುತ್ತದೆ.

ಕೊಡುವಾಗ ಪಡೆಯುವವನ ಮಾನವನ್ನು ಕಾಯುವುದೂ ನಮ್ಮ ಹೊಣೆ. ಚೆಕ್ ಕೊಡುತ್ತಾ ಛಾಯಾಚಿತ್ರ ತೆಗೆಸಿಕೊಂಡು, ಬಡವನ ಮಗ ಎಂದು ವೇದಿಕೆಯ ಮೇಲೆ ಹೆಸರು ಕೂಗಿ ಕರೆಯುವ ರೂಢಿಯನ್ನು ನಾವು ಬಿಡಬೇಕು. ಲಿಂಗರಾಜರ ನಿಧಿಯಿಂದ ಓದಿದವರು ಅವರ ಎದುರು ಕೈಮುಗಿದು ನಿಲ್ಲಬೇಕಾಗಿ ಬರಲಿಲ್ಲ. ಕೊಟ್ಟವರು ಆಗಲೇ ಲಿಂಗದಲ್ಲಿ ಬೆರೆತುಹೋಗಿದ್ದರು. ಕೊಟ್ಟವನು ಕಾಣಿಸದೆ ಕೊಡುಗೆ ಮಾತ್ರ ಉಳಿಯುವುದು ದಾಸೋಹದ ಪರಮಾವಧಿ.

ಶಿಗ್ಗಾವಿಯ ರಾಮಪ್ಪ ಒಂದು ಮನೆಗೆ ದತ್ತಕ ಹೋಗಿ ಲಿಂಗರಾಜನಾದ. ಲಿಂಗರಾಜರಾದ ಮೇಲೆ ಅವರು ಒಬ್ಬನನ್ನಲ್ಲ, ಮುಂದೆ ಹುಟ್ಟಲಿರುವ ಅಸಂಖ್ಯ ಬಡ ಮಕ್ಕಳನ್ನು ದತ್ತಕ ತೆಗೆದುಕೊಂಡರು. ವಂಶ ನಿಲ್ಲಲಿಲ್ಲವೆಂದು ಅಂದು ಮರುಗಿದವರು ಇದ್ದಿರಬಹುದು. ಇಂದು ಅವರ ಹೆಸರು ಹೇಳುವ ಮನೆಗಳನ್ನು ಎಣಿಸಲು ಸಾಧ್ಯವಿಲ್ಲ.

ಬರುವ ಜೂನ್ ತಿಂಗಳಿನಲ್ಲಿ ದೇವದುರ್ಗದ ಮೊದಲ ಬಸ್ಸು ಮತ್ತೆ ಬರುತ್ತದೆ. ಮಾನ್ವಿಯ ತಂದೆ ಮತ್ತೆ ಕಟ್ಟೆಯ ಮೇಲೆ ಕುಳಿತು ಸುಮ್ಮನಿರುತ್ತಾನೆ. ಅವನು ಬಾಯಿಬಿಟ್ಟು ಕೇಳುವ ಮೊದಲೇ ನಾವು ಎದ್ದು ಹೋಗಿ ವಿಚಾರಿಸುವಂತಾದರೆ ತ್ಯಾಗವೀರರ ಭಾವಚಿತ್ರಕ್ಕೆ ಹಾಕಿದ ಹೂಮಾಲೆ ಸಾರ್ಥಕವಾಗುತ್ತದೆ. ತಮ್ಮ ಊರಿನಲ್ಲಿ ಓದು ನಿಲ್ಲಿಸುವ ಸ್ಥಿತಿಯಲ್ಲಿರುವ ವಿದ್ಯಾರ್ಥಿಗಳಿದ್ದರೆ, ಅವರು ಯಾವ ಸಮಾಜದವರೇ ಆಗಿರಲಿ, ಸದ್ಭಕ್ತರು ದಯವಿಟ್ಟು ಶ್ರೀಮಠದ ಕಾರ್ಯಾಲಯಕ್ಕೆ ತಿಳಿಸಬೇಕೆಂದು ಪ್ರಾರ್ಥಿಸುತ್ತೇನೆ.